ಶೆರಿನಾ ಮುನಾಫ್: ಯಾವ ಕ್ರಮದಲ್ಲಿ ಕೇಳಬೇಕು?

ಇಂಡೋನೇಷ್ಯಾದಲ್ಲಿ ಬಾಲಗಾಯಕಿ, ಬಾಲನಟಿಯಾಗಿದ್ದ ಶೆರಿನಾ ದೊಡ್ಡವಳಾದ ಮೇಲೆ ಏನು ಮಾಡಿದಳು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಜನಪ್ರಿಯ ಹಾಡುಗಳ ಪಟ್ಟಿಯಿಂದ ಮಾತ್ರ ಶುರು ಮಾಡಬೇಡಿ. ಅಲ್ಲಿ ಒಂಬತ್ತು ವರ್ಷದ ಹುಡುಗಿಯ ದನಿಯೂ ವಯಸ್ಕಳ ದನಿಯೂ ಬೆರೆತಿರುತ್ತವೆ, ಬೆಳವಣಿಗೆಯ ಜಾಡು ಸಿಗುವುದಿಲ್ಲ.

ಶೆರಿನಾ ಹುಟ್ಟಿದ್ದು 1990ರಲ್ಲಿ, ಬಾಂಡುಂಗ್‌ನಲ್ಲಿ. ಮೊದಲು 1999ರ 'ಅಂದೈ ಅಕು ಬೆಸಾರ್ ನಂತಿ' ಆಲ್ಬಂ ಕೇಳಿ. ಹೆಸರಿನ ಅರ್ಥ 'ಮುಂದೆ ನಾನು ದೊಡ್ಡವಳಾದರೆ'. ಸಂಗೀತ ಎಲ್ಫಾ ಸೆಚಿಯೋರಿಯಾ ಅವರದು. ನಂತರ 2000ದ ಚಿತ್ರ 'ಪೆತುವಾಲಾಂಗನ್ ಶೆರಿನಾ'. ನಿರ್ದೇಶನ ರಿರಿ ರಿಜಾ, ನಿರ್ಮಾಣ ಮೀರಾ ಲೆಸ್ಮಾನಾ. 90ರ ದಶಕದಲ್ಲಿ ಸೊರಗಿಹೋಗಿದ್ದ ಇಂಡೋನೇಷ್ಯಾದ ಚಿತ್ರರಂಗಕ್ಕೆ ಮಕ್ಕಳ ಈ ಸಂಗೀತಚಿತ್ರ ಪ್ರೇಕ್ಷಕರನ್ನು ಮರಳಿ ತಂದಿತು. ಉಪಶೀರ್ಷಿಕೆ ಇಟ್ಟುಕೊಂಡೇ ನೋಡಿ. ಹಾಡುಗಳೇ ಕಥೆಯನ್ನು ಮುಂದೆ ಸಾಗಿಸುತ್ತವೆ, ಹಾರಿಸಿದರೆ ಎಳೆ ತಪ್ಪುತ್ತದೆ.

ನಿಜವಾದ ತಿರುವು 2007ರ 'ಪ್ರಿಮಾದೋನಾ', 2009ರ 'ಜೆಮಿನಿ' ಆಲ್ಬಂಗಳಲ್ಲಿ. ಬಾಲತಾರೆಯರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ: ಹಳೆಯ ಮುದ್ದು ದನಿಯನ್ನೇ ಜನ ಬಯಸುತ್ತಾರೆ, ಕಂಠ ಮಾತ್ರ ಬದಲಾಗಿರುತ್ತದೆ. ಶೆರಿನಾ ಆ ಮುದ್ದನ್ನು ಅನುಕರಿಸಲಿಲ್ಲ, ಸ್ವತಃ ಹಾಡು ಬರೆದರು. 'ಜೆಮಿನಿ'ಯ 'ಗೆರೆಗೆತಾನ್' ಹಾಡನ್ನು 1999ರ ಆಲ್ಬಂನ ಒಂದು ಹಾಡಿನ ಬೆನ್ನಿಗೇ ಕೇಳಿ, ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

2013ರಲ್ಲಿ 'ತೂನಾ' ಆಲ್ಬಂ, 2018ರಲ್ಲಿ 'ವಿರೋ ಸಬ್ಲೆಂಗ್' ಚಿತ್ರದ ಅಂಗಿನಿ ಪಾತ್ರ. ಕೊನೆಗೆ 2023ರ 'ಪೆತುವಾಲಾಂಗನ್ ಶೆರಿನಾ 2'. ಮೊದಲ ಚಿತ್ರದ ಜೊತೆನಟ ಡರ್ಬಿ ರೊಮೆರೊ ಕೂಡ ಮರಳಿದ್ದಾರೆ, ಕಥೆ ಕಾಲಿಮಂತಾನ್‌ನ (ಬೋರ್ನಿಯೊ ದ್ವೀಪದ ಇಂಡೋನೇಷ್ಯಾ ಭಾಗ) ಒರಾಂಗುಟನ್ ವಾನರಗಳದ್ದು. ಮೊದಲ ಭಾಗ ನೋಡದೆ ಇದಕ್ಕೆ ಕೈಹಾಕಬೇಡಿ.