ಬೀವರ್ ತೊಗಲಿಗೆ ತೂತು ಬೀಳುವುದೇಕೆ, ಕೂದಲು ಉದುರುವುದೇಕೆ?

ನಿಮ್ಮ ಪ್ರಶ್ನೆ ಇದು: ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗದಲ್ಲಿ, ಬೋನಿಟ್ಟು ತುಪ್ಪಳದ ಪ್ರಾಣಿ ಹಿಡಿಯುವ ಟ್ರ್ಯಾಪಿಂಗ್ ಕೋರ್ಸ್ ಮುಗಿಸಿ ಲೈಸೆನ್ಸ್ ಪಡೆದಿದ್ದೀರಿ. ಊರಲ್ಲಿ ಕುರಿ ಸುಲಿದ ಅಭ್ಯಾಸವೂ ಇದೆ. ಆದರೂ ಮೊದಲ ಎರಡು ಬೀವರ್‌ಗಳಲ್ಲಿ (ನೀರಲ್ಲೂ ದಡದಲ್ಲೂ ಬದುಕುವ, ಇಲಿ ಜಾತಿಯ ದೊಡ್ಡ ಪ್ರಾಣಿ) ಒಂದರ ತೊಗಲಿಗೆ ಏಳೆಂಟು ತೂತು ಬಿತ್ತು, ಇನ್ನೊಂದರ ಹೊಟ್ಟೆಭಾಗದ ಕೂದಲು ಹಿಡಿ ಹಿಡಿಯಾಗಿ ಕಿತ್ತು ಬಂತು. ಎಲ್ಲಿ ತಪ್ಪಿತು, ಉಪ್ಪು ಸವರಿದ್ದರೆ ಉಳಿಯುತ್ತಿತ್ತೇ?

ಇವು ಎರಡು ಬೇರೆ ಬೇರೆ ತಪ್ಪುಗಳು. ತೂತು ಬಿದ್ದದ್ದು ಚೂರಿಯಿಂದ, ಕೂದಲು ಉದುರಿದ್ದು ಬಿಸಿಯಿಂದ ಮತ್ತು ತಡದಿಂದ. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ನಷ್ಟ. ಇವತ್ತು ಬೀವರ್ ಕೊಳ್ಳುವವರಲ್ಲಿ ಟೋಪಿಯ ಫೆಲ್ಟ್ (ತುಪ್ಪಳವನ್ನು ಒತ್ತಿ ಮಾಡುವ ದಪ್ಪ ಬಟ್ಟೆ) ಮಾಡುವವರ ಪಾಲು ದೊಡ್ಡದು. ಅವರಿಗೆ ಬೇಕಾದದ್ದು ಒರಟು ಮೇಲುಗೂದಲಿನ ಕೆಳಗಿರುವ ಮೃದುವಾದ ಒಳತುಪ್ಪಳ. ತೊಗಲಿನಲ್ಲಿ ನಾಲ್ಕು ತೂತಿದ್ದರೂ ಆ ತುಪ್ಪಳ ಅವರಿಗೆ ಸಿಗುತ್ತದೆ. ಬೇರು ಸಡಿಲವಾಗಿ ಕೂದಲು ಉದುರುವ ತೊಗಲು ಮಾತ್ರ ಕೋಟು ಹೊಲಿಯಲೂ ಆಗದು, ಟೋಪಿಗೂ ಆಗದು.

ಹಾಗಾಗಿ ಮೊದಲು ಬಿಸಿಯ ಮಾತು. ಬೀವರ್‌ನ ತುಪ್ಪಳ ಎಷ್ಟು ದಟ್ಟವೆಂದರೆ, ಸತ್ತ ಮೇಲೂ ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ಹೊಟ್ಟೆಯೊಳಗೆ ಅರೆ ಜೀರ್ಣವಾದ ತೊಗಟೆ ಹುಳಿಯುತ್ತಿರುತ್ತದೆ. ಅದರ ಬಿಸಿ ಮೊದಲು ತಟ್ಟುವುದು ಹೊಟ್ಟೆಯ ತೆಳು ಚರ್ಮಕ್ಕೆ. ಬ್ಯಾಕ್ಟೀರಿಯಾ ಅಲ್ಲಿ ಕೂದಲ ಬೇರನ್ನು ಸಡಿಲಿಸಿದ ಮೇಲೆ ತೊಗಲು ಹದ ಮಾಡುವ ಯಾವ ಹದಗಾರನಿಂದಲೂ ಅದನ್ನು ಮತ್ತೆ ಹಿಡಿಸಲಾಗದು. ಬೋನಿನಿಂದ ತೆಗೆದ ಪ್ರಾಣಿಗಳನ್ನು ಒದ್ದೆಯಾಗಿಯೇ ಒಂದರ ಮೇಲೊಂದು ಹೇರಿ, ಟಾರ್ಪಾಲು ಮುಚ್ಚಿ, ಹೀಟರ್ ಹಾಕಿದ ಗಾಡಿಯಲ್ಲಿ ತಂದರೆ ಹೀಗಾಗುತ್ತದೆ. ಹಿಮದ ಮೇಲೆ ಬಿಡಿಬಿಡಿಯಾಗಿ ಮಲಗಿಸಿ, ಗಾಳಿಯಾಡಲು ಬಿಡಿ. ಅದೇ ದಿನ ಸುಲಿಯಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಿ. ಆಮೇಲೆ ತಣ್ಣನೆಯ ಕೋಣೆಯಲ್ಲಿ ನಿಧಾನವಾಗಿ ಕರಗಿಸಿ. ಒಲೆಯ ಪಕ್ಕ ಇಟ್ಟು ಬೇಗ ಕರಗಿಸಿದರೆ ಒಳಗೆ ಮಂಜುಗಡ್ಡೆ ಇರುವಾಗಲೇ ಹೊರಗಿನ ಚರ್ಮ ಕೆಡುತ್ತದೆ.

ಸುಲಿಯುವ ಮುಂಚೆ ತಣ್ಣೀರಿನಲ್ಲಿ ತೊಳೆದು ಕೆಸರು, ರಕ್ತ ತೆಗೆಯಿರಿ. ಬಾಚಣಿಗೆಯಾಡಿಸಿ ತುಪ್ಪಳದಲ್ಲಿ ಸಿಕ್ಕ ಮುಳ್ಳು, ಕಡ್ಡಿ ಎಲ್ಲ ತೆಗೆಯಿರಿ. ಇದು ಅಂದಕ್ಕಾಗಿ ಹೇಳುತ್ತಿಲ್ಲ. ನಿಮ್ಮ ಏಳೆಂಟು ತೂತುಗಳಲ್ಲಿ ಅರ್ಧ ಇಲ್ಲಿಂದಲೇ ಬಂದಿರಬಹುದು. ಹೇಗೆಂದು ಮುಂದೆ ಹೇಳುತ್ತೇನೆ. ಕೈಗೆ ರಬ್ಬರ್ ಗ್ಲೌಸ್ ಇರಲಿ, ಏಕೆಂದರೆ ಬೀವರ್‌ಗೆ ಟುಲರೀಮಿಯಾ ಎಂಬ ರೋಗ ಬರುತ್ತದೆ, ಅದು ಕೈಯ ಸಣ್ಣ ಗಾಯದಿಂದ ಮನುಷ್ಯನಿಗೂ ದಾಟುತ್ತದೆ. ತಾನಾಗಿ ಸತ್ತು ಬಿದ್ದ ಬೀವರ್ ಮುಟ್ಟಬೇಡಿ. ಯಕೃತ್ತಿನ ಮೇಲೆ ಬಿಳಿ ಚುಕ್ಕೆಗಳು ಕಂಡರೆ ಆ ಮಾಂಸ ತಿನ್ನಬೇಡಿ.

ಇನ್ನು ಸುಲಿಯುವುದು. ಕುರಿಯ ಅಭ್ಯಾಸ ನಿಮಗೆ ಇಲ್ಲಿ ಅಡ್ಡ ಬಂದಿದೆ. ಕುರಿ, ಮೇಕೆಯಲ್ಲಿ ಒಂದೆರಡು ಗೀರು ಹಾಕಿ, ತೊಗಲು ಮತ್ತು ಮಾಂಸದ ನಡುವೆ ಮುಷ್ಟಿ ತೂರಿಸಿ ಒತ್ತಿದರೆ ಚರ್ಮ ತಾನಾಗಿ ಬಿಟ್ಟುಕೊಳ್ಳುತ್ತದೆ. ಬೀವರ್‌ನಲ್ಲಿ ತೊಗಲಿಗೂ ಕೊಬ್ಬಿಗೂ ನಡುವೆ ಅಂಥ ಸಡಿಲ ಪೊರೆ ಇಲ್ಲ. ಕೊಬ್ಬು ನಾರುನಾರಾಗಿ ಚರ್ಮಕ್ಕೇ ಹೆಣೆದುಕೊಂಡಿರುತ್ತದೆ. ಎಳೆದರೆ ಬರುವುದಿಲ್ಲ, ಒಂದೊಂದು ಅಂಗುಲವನ್ನೂ ಕೊಯ್ದೇ ಬಿಡಿಸಬೇಕು. ಎಂಟು ಹತ್ತು ಸೆಂಟಿಮೀಟರಿನ, ತುದಿ ಬಾಗಿದ ಚೂರಿ ಸಾಕು. ಸಾಣೆಕಲ್ಲು ಪಕ್ಕದಲ್ಲೇ ಇರಲಿ. ತುಪ್ಪಳದಲ್ಲಿ ಮರಳು ಉಳಿದಿದ್ದರೆ ಕೆಲವೇ ನಿಮಿಷದಲ್ಲಿ ಅಂಚು ಮೊಂಡಾಗುತ್ತದೆ, ಮೊಂಡು ಚೂರಿಗೆ ಬಲ ಹಾಕಿದಾಗಲೇ ಅದು ಜಾರಿ ತೊಗಲಿಗೆ ನುಗ್ಗುವುದು.

ಬೀವರ್ ತೊಗಲನ್ನು ನರಿ, ಮಿಂಕ್‌ಗಳಂತೆ ಚೀಲದ ಹಾಗೆ ಸುಲಿಯುವುದಿಲ್ಲ, ಹೊಟ್ಟೆ ಸೀಳಿ ಹಾಸಿನಂತೆ ಬಿಚ್ಚುತ್ತಾರೆ. ಅಂಗಾತ ಮಲಗಿಸಿ. ನಾಲ್ಕು ಪಾದಗಳನ್ನು ತುಪ್ಪಳ ಮುಗಿಯುವಲ್ಲಿ, ಕೀಲಿನಲ್ಲಿ ಕತ್ತರಿಸಿ. ಬಾಲವನ್ನು ತುಪ್ಪಳ ಮುಗಿದು ಹುರುಪೆ ಶುರುವಾಗುವ ಗೆರೆಯಲ್ಲಿ ಸುತ್ತ ಕೊಯ್ದು ತೆಗೆಯಿರಿ. ಆಮೇಲೆ ಕೆಳದುಟಿಯಿಂದ ಬಾಲದ ಬುಡದವರೆಗೆ ಒಂದೇ ನೇರ ಗೆರೆ. ಚೂರಿಯ ಅಂಚು ಮೇಲ್ಮುಖವಾಗಿರಲಿ, ಚರ್ಮದ ಒಳಗಿನಿಂದ ಹೊರಕ್ಕೆ ಸೀಳಿ, ಆಗ ಕೂದಲು ಕತ್ತರಿಸುವುದಿಲ್ಲ. ಗೆರೆ ಸೊಟ್ಟಾದರೆ ತೊಗಲಿನ ಒಂದು ಬದಿ ಅಗಲ, ಇನ್ನೊಂದು ಕಿರಿದಾಗಿ, ಒಣಗಿಸುವ ಹಲಗೆಯ ಮೇಲೆ ಎಷ್ಟು ಎಳೆದರೂ ಸರಿಹೋಗದು. ಕಾಲುಗಳ ಉದ್ದಕ್ಕೂ ಮಾತ್ರ ಸೀಳಬೇಡಿ. ಅಂಗಿಯ ತೋಳಿನಿಂದ ಕೈ ಎಳೆದುಕೊಂಡಂತೆ ಕಾಲನ್ನು ಒಳಗಿನಿಂದ ಎಳೆದು ತೆಗೆಯಬೇಕು, ನಾಲ್ಕು ಸಣ್ಣ ದುಂಡು ರಂಧ್ರಗಳಷ್ಟೇ ಉಳಿಯಬೇಕು.

ಬಾಲದ ಹತ್ತಿರ ಬಂದಾಗ ಚೂರಿ ಆಳಕ್ಕೆ ಇಳಿಯದಿರಲಿ. ಗುದದ್ವಾರದ ಮುಂಭಾಗದಲ್ಲಿ, ಚರ್ಮದ ಕೆಳಗೆ, ಎರಡು ಜೋಡಿ ಗ್ರಂಥಿಗಳಿವೆ. ಸುಕ್ಕುಗಟ್ಟಿದ, ಪೇರಳೆ ಆಕಾರದ ಜೋಡಿಯೇ ಕ್ಯಾಸ್ಟರ್. ಅದರ ಪಕ್ಕದ್ದು ಎಣ್ಣೆಯ ಗ್ರಂಥಿ, ಪ್ರಾಣಿ ತನ್ನ ತುಪ್ಪಳಕ್ಕೆ ಎಣ್ಣೆ ಸವರಿಕೊಳ್ಳುವುದು ಅದರಿಂದ. ಕ್ಯಾಸ್ಟರ್ ಜೋಡಿಯನ್ನು ಬೇರ್ಪಡಿಸದೆ, ಚುಚ್ಚದೆ ತೆಗೆದು, ತಂತಿಯ ಮೇಲೆ ಜೋತುಬಿಟ್ಟು ತಂಪಾದ ಜಾಗದಲ್ಲಿ ಕೆಲವು ವಾರ ಒಣಗಿಸಿ. ಸುಗಂಧದ್ರವ್ಯ ಮಾಡುವವರೂ, ಬೋನಿಗೆ ವಾಸನೆ ಹಚ್ಚುವವರೂ ಅದನ್ನು ತೂಕದ ಮೇಲೆ ಕೊಳ್ಳುತ್ತಾರೆ. ಹೊಸಬರು ಎಸೆದುಬಿಡುವ ದುಡ್ಡು ಇದು.

ಸುಲಿಯುವ ಕ್ರಮ ಎರಡಿದೆ. ಪಳಗಿದವರು ಕೊಬ್ಬಿನ ಚೂರೂ ಉಳಿಯದಂತೆ ಚೂರಿಯಲ್ಲೇ ಶುಚಿಯಾಗಿ ಬಿಡಿಸುತ್ತಾರೆ, ಆಮೇಲೆ ಹೆರೆಯುವ ಕೆಲಸ ಬಹಳ ಕಡಿಮೆ. ನೀವು ಸದ್ಯಕ್ಕೆ ಅದಕ್ಕೆ ಹೋಗಬೇಡಿ. ಚೂರಿಯ ಅಂಚನ್ನು ಯಾವಾಗಲೂ ಮಾಂಸದ ಕಡೆಗೆ ವಾಲಿಸಿ, ತೊಗಲಿನ ಮೇಲೆ ಅರ್ಧದಿಂದ ಒಂದು ಸೆಂಟಿಮೀಟರ್ ಕೊಬ್ಬು ಉಳಿಯುವಂತೆ ಸುಲಿಯಿರಿ. ಎಡಗೈಯಲ್ಲಿ ತೊಗಲನ್ನು ಬಿಗಿಯಾಗಿ ಎಳೆದು ಹಿಡಿದರೆ ಕೊಯ್ಯಬೇಕಾದ ಗೆರೆ ಬಿಳಿಯಾಗಿ ಕಾಣುತ್ತದೆ. ಹೊಟ್ಟೆಯ ಅಂಚಿನಿಂದ ಪಕ್ಕೆಗೆ, ಪಕ್ಕೆಯಿಂದ ಬೆನ್ನಿಗೆ ಹೋಗಿ. ತಲೆಗೆ ಬಂದಾಗ ಕಿವಿಯ ಬುಡವನ್ನು ತಲೆಬುರುಡೆಗೆ ತಾಗಿಸಿ ಕೊಯ್ಯಿರಿ, ಕಣ್ಣಿನ ಸುತ್ತಲೂ ಹಾಗೆಯೇ. ಮೂಳೆಗೆ ಅಂಟಿಕೊಂಡು ಹೋದಷ್ಟೂ ರಂಧ್ರ ಚಿಕ್ಕದಾಗಿರುತ್ತದೆ.

ಉಳಿದ ಕೊಬ್ಬನ್ನು ಹೆರೆಯುವುದು ದಿಮ್ಮಿಯ ಮೇಲೆ, ಎರಡು ಹಿಡಿಯ ಉದ್ದ ಕತ್ತಿಯಲ್ಲಿ. ತೂತು ಬೀಳುವ ಮುಖ್ಯ ಜಾಗ ಇದೇ. ದಿಮ್ಮಿ ನುಣುಪಾಗಿ, ಮೀನಿನ ಬೆನ್ನಿನಂತೆ ದುಂಡಗಿರಬೇಕು, ಒಂದು ಸಿಬಿರು ಎದ್ದಿದ್ದರೂ ಉಜ್ಜಿ ತೆಗೆಯಿರಿ. ತುಪ್ಪಳ ಕೆಳಗೆ ಮಾಡಿ ತೊಗಲು ಹಾಸಿದಾಗ, ಅಡಿಯಲ್ಲಿ ಒಂದು ಮುಳ್ಳಿನ ಕಾಯಿ, ಕೆಸರಿನ ಗಂಟು, ಇಲ್ಲವೇ ತೊಗಲಿನದೇ ಒಂದು ಮಡಿಕೆ ಇದ್ದರೆ ಆ ಜಾಗ ಗುಳ್ಳೆಯಂತೆ ಉಬ್ಬುತ್ತದೆ. ಕತ್ತಿ ಆ ಉಬ್ಬನ್ನು ಸವರಿ ಹಾರಿಸುತ್ತದೆ, ನಾಣ್ಯದಷ್ಟಗಲದ ತೂತು ಆಗುತ್ತದೆ. ಮೊದಲೇ ಬಾಚಿ ತೊಳೆಯಲು ಹೇಳಿದ್ದು ಇದಕ್ಕಾಗಿ. ನಿಮ್ಮ ತೊಗಲನ್ನು ಬೆಳಕಿಗೆ ಹಿಡಿದು ನೋಡಿ: ದುಂಡು ತೂತಾದರೆ ದಿಮ್ಮಿಯ ಮೇಲೆ ಆದದ್ದು, ಉದ್ದ ಗೀರಾದರೆ ಸುಲಿಯುವಾಗ ಚೂರಿ ತಿರುಗಿದ್ದು.

ಕುತ್ತಿಗೆಯಿಂದ ಶುರುಮಾಡಿ ಬಾಲದ ಕಡೆಗೆ ಹೆರೆಯಿರಿ. ಬೀವರ್‌ಗೆ ಕತ್ತಿಯ ಮೊಂಡು ಬದಿ ಸಾಲದು, ಆ ನಾರು ತಳ್ಳಿದರೆ ಬರುವಂಥದ್ದಲ್ಲ. ಹರಿತವಾದ ಬದಿಯನ್ನು ತೊಗಲಿಗೆ ಬಹುತೇಕ ಸಮನಾಗಿ ಮಲಗಿಸಿ, ಮುಂದಕ್ಕೆ ತಳ್ಳುತ್ತಲೇ ಸ್ವಲ್ಪ ಅಡ್ಡಕ್ಕೂ ಜಾರಿಸಿ. ಅಂಚು ಎದ್ದು ನಿಂತರೆ ಕಚ್ಚುತ್ತದೆ. ಬೆನ್ನು, ಕುತ್ತಿಗೆಯ ಚರ್ಮ ದಪ್ಪ, ಅಲ್ಲಿ ಧೈರ್ಯವಾಗಿ ಒತ್ತಬಹುದು. ಕಂಕುಳು, ಹೊಟ್ಟೆಯ ಅಂಚು, ಕಾಲಿನ ರಂಧ್ರಗಳ ಸುತ್ತ ತೆಳು. ಹೆಣ್ಣಾದರೆ ಎದೆಯ ಬಳಿ ನಾಲ್ಕು ಮೊಲೆತೊಟ್ಟುಗಳಿರುತ್ತವೆ, ಕತ್ತಿ ತಗಲಿದರೆ ನಾಲ್ಕೂ ತೂತೇ. ಅಲ್ಲಿ ದಿಮ್ಮಿ ಬಿಟ್ಟು ಚಿಕ್ಕ ಚೂರಿಯಲ್ಲಿ ನಿಧಾನವಾಗಿ ಬಿಡಿಸಿ. ಎಷ್ಟು ಹೆರೆಯಬೇಕು? ಕೊಬ್ಬು, ಕೆಂಪು ಮಾಂಸ ಎಲ್ಲ ಹೋಗಿ ತೊಗಲು ನುಣ್ಣಗೆ ಹೊಳೆಯುವವರೆಗೆ. ಕಪ್ಪು ಚುಕ್ಕೆಗಳಂತೆ ಕೂದಲ ಬೇರು ಕಾಣತೊಡಗಿದರೆ ಮಿತಿ ಮೀರಿದಿರಿ. ಬೇರು ಕತ್ತರಿಸಿದ ಕೂದಲು ಆಚೆಬದಿಯಿಂದ ಉದುರುತ್ತದೆ. ಕೈ ಜಾರುತ್ತಿದ್ದರೆ ಒಣ ಮರದ ಪುಡಿ ಉದುರಿಸಿ ಒರೆಸಿಕೊಳ್ಳಿ, ಅಂಟು ರಾಳ ಬಿಡುವ ಮರದ ಪುಡಿ ಮಾತ್ರ ಬೇಡ.

ತೂತು ಬಿದ್ದರೆ ಹಲಗೆಗೆ ಹೊಡೆಯುವ ಮುಂಚೆಯೇ ಹೊಲಿಯಬೇಕು. ಎಳೆದ ಮೇಲೆ ಕಾಳಿನಷ್ಟಿದ್ದ ತೂತು ರೂಪಾಯಿಯಷ್ಟಾಗುತ್ತದೆ. ದುಂಡು ತೂತನ್ನು ಹಾಗೇ ಹೊಲಿದರೆ ಎರಡು ತುದಿಯಲ್ಲಿ ನಿರಿಗೆ ಏಳುತ್ತದೆ, ಆದ್ದರಿಂದ ಮೊದಲು ಅದನ್ನು ಕಣ್ಣಿನ ಆಕಾರಕ್ಕೆ ಕತ್ತರಿಸಿ, ಚರ್ಮದ ಬದಿಯಿಂದ ಮೇಣ ಹಚ್ಚಿದ ದಾರದಲ್ಲಿ ಒತ್ತೊತ್ತಾಗಿ ಸುತ್ತುಹೊಲಿಗೆ ಹಾಕಿ.

ಹಲಗೆ ಎಂದರೆ ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್, ಅದರ ಮೇಲೆ ಬೇರೆ ಬೇರೆ ಅಳತೆಯ ಮೊಟ್ಟೆಯಾಕಾರದ ಗೆರೆಗಳು. ಬೀವರ್ ಅಳೆಯುವುದು ಉದ್ದ ಮತ್ತು ಅಗಲ ಕೂಡಿಸಿ, ಇಂಚಿನಲ್ಲಿ. ಉದ್ದ 35, ಅಗಲ 30 ಇದ್ದರೆ 65, ಅಷ್ಟು ದೊಡ್ಡದಾದರೆ ಅದನ್ನು ಬ್ಲ್ಯಾಂಕೆಟ್ ಎನ್ನುತ್ತಾರೆ. ಆ ಸಂಖ್ಯೆಯ ಆಸೆಗೆ ಹೆಚ್ಚು ಎಳೆಯಬೇಡಿ. ಎಳೆದಷ್ಟೂ ತುಪ್ಪಳ ವಿರಳವಾಗುತ್ತದೆ, ತೊಗಲಿನ ಗುಣಮಟ್ಟ ಊದಿ ನೋಡುವ ಗ್ರೇಡರ್‌ಗೆ ತಕ್ಷಣ ಗೊತ್ತಾಗುತ್ತದೆ. ತೊಗಲು ತಾನಾಗಿ ಒಪ್ಪುವ ಗೆರೆಯನ್ನು ಆರಿಸಿ.

ತುಪ್ಪಳ ಹಲಗೆಯ ಕಡೆಗೆ. ಮೊದಲ ಮೊಳೆ ಮೂಗಿಗೆ, ಎರಡನೆಯದು ಬಾಲದ ಬುಡಕ್ಕೆ, ಆಮೇಲೆ ಎರಡು ಪಕ್ಕಕ್ಕೆ ಒಂದೊಂದು. ಮುಂದೆ ನಡುನಡುವೆ ತುಂಬುತ್ತಾ ಹೋಗಿ. ಎರಡೂವರೆ ಇಂಚಿನ ಸಣ್ಣ ತಲೆಯ ಮೊಳೆ, ಮೊಳೆಯಿಂದ ಮೊಳೆಗೆ ಒಂದು ಇಂಚಿಗಿಂತ ಹೆಚ್ಚು ಬೇಡ. ದೂರವಾದರೆ ಅಂಚು ಕಮಾನು ಕಮಾನಾಗಿ ಒಣಗುತ್ತದೆ. ಕಾಲಿನ ರಂಧ್ರಗಳನ್ನು ಹೊಲಿಯಿರಿ ಅಥವಾ ಎರಡು ಅಂಚು ಸೇರಿಸಿ ಮೊಳೆ ಹೊಡೆಯಿರಿ. ಸುತ್ತ ಮುಗಿದ ಮೇಲೆ ಅನೇಕರು ಮರೆಯುವ ಕೆಲಸ ಒಂದಿದೆ: ಮೊಳೆಗಳ ಉದ್ದಕ್ಕೂ ತೊಗಲನ್ನು ಒಂದು ಇಂಚಿನಷ್ಟು ಮೇಲಕ್ಕೆ ಎತ್ತಿ, ಹಲಗೆಗೂ ತುಪ್ಪಳಕ್ಕೂ ನಡುವೆ ಗಾಳಿ ಆಡುವಂತೆ ಮಾಡಬೇಕು. ಒದ್ದೆ ತುಪ್ಪಳ ಹಲಗೆಗೆ ಅಂಟಿಕೊಂಡೇ ಇದ್ದರೆ, ಮೇಲೆ ಚರ್ಮ ಒಣಗಿದಂತೆ ಕಂಡರೂ ಕೆಳಗೆ ಕೊಳೆಯುತ್ತಿರುತ್ತದೆ.

ಒಣಗಿಸುವ ಕೋಣೆ 10ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ, ಗಾಳಿ ಮೆಲ್ಲಗೆ ಆಡುತ್ತಿರಲಿ. ಬಿಸಿಲು, ಒಲೆ, ಹೀಟರ್ ಯಾವುದೂ ಹತ್ತಿರ ಬೇಡ. ಬಿಸಿಗೆ ಉಳಿದ ಕೊಬ್ಬು ಕರಗಿ ಚರ್ಮದೊಳಗೆ ಇಳಿದು ನಾರನ್ನು ಬೇಯಿಸಿಬಿಡುತ್ತದೆ. ಆಗ ನೋಡಲು ಚೆನ್ನಾಗಿಯೇ ಇರುತ್ತದೆ. ಹದ ಮಾಡುವವರು ನೀರಿಗೆ ಹಾಕಿದ ದಿನ ಹರಿದು ಬರುತ್ತದೆ. ಮೊದಲ ಒಂದೆರಡು ದಿನ ಎಣ್ಣೆ ಹನಿಹನಿಯಾಗಿ ಒಸರುತ್ತದೆ, ಬಟ್ಟೆಯಲ್ಲಿ ಒರೆಸುತ್ತಿರಿ. ನಾಲ್ಕರಿಂದ ಏಳು ದಿನ ಬೇಕು. ಅಂಚು ಗರಿಗರಿಯಾಯಿತೆಂದು ಇಳಿಸಬೇಡಿ, ಕುತ್ತಿಗೆಯ ದಪ್ಪ ಭಾಗ ಕೊನೆಗೆ ಒಣಗುವುದು. ಅಲ್ಲಿ ಬೆರಳಿನಿಂದ ತಟ್ಟಿದಾಗ ಸದ್ದು ಬರಬೇಕು.

ಉಪ್ಪಿನ ಪ್ರಶ್ನೆ. ನಮ್ಮ ಕಡೆ ಕುರಿ ಚರ್ಮಕ್ಕೆ ಉಪ್ಪು ಸವರುವುದು ಸರಿ, ಅದು ಚರ್ಮದ ಮಂಡಿಗೆ ಹಸಿಯಾಗಿಯೇ ಹೋಗುತ್ತದೆ. ಒಂಟಾರಿಯೊದ ನಾರ್ತ್ ಬೇ ಊರಿನಲ್ಲಿ ನಡೆಯುವಂಥ ತುಪ್ಪಳದ ಹರಾಜಿಗೆ ಹೋಗುವ ಬೀವರ್‌ಗೆ ಉಪ್ಪು ಬೇಡ, ಅಲ್ಲಿ ಕೊಳ್ಳುವುದು ಗಾಳಿಗೆ ಒಣಗಿದ ತೊಗಲನ್ನು. ಉಪ್ಪು ಗಾಳಿಯ ತೇವ ಹೀರಿ ತೊಗಲನ್ನು ಮತ್ತೆ ಮೆತ್ತಗೆ ಮಾಡುತ್ತದೆ. ನೀವೇ ನೇರವಾಗಿ ಹದಗಾರನಿಗೆ ಕೊಡುವುದಾದರೆ ಅವನು ಹೇಳಿದಂತೆ ಮಾಡಿ. ಆದರೆ ಕೂದಲ ಬೇರು ಒಮ್ಮೆ ಸಡಿಲವಾದ ಮೇಲೆ ಉಪ್ಪಿನಿಂದಲೂ ಪ್ರಯೋಜನವಿಲ್ಲ.

ಹಿಡಿಯುವ ಕಾಲವೂ ಮುಖ್ಯ. ಬೀವರ್ ತುಪ್ಪಳ ತಡವಾಗಿ ಬಲಿಯುತ್ತದೆ, ಚಳಿಗಾಲದ ಕೊನೆಯ ತಿಂಗಳುಗಳದ್ದೇ ಉತ್ತಮ. ಬಲಿತದ್ದರ ಒಳಚರ್ಮ ಕೆನೆಬಣ್ಣ, ಬಲಿಯದ್ದು ನೀಲಿಗಪ್ಪು. ವಸಂತಕ್ಕೆ ಕಾದರೆ ಅವು ಜಾಗಕ್ಕಾಗಿ ಕಚ್ಚಾಡಿ ಬೆನ್ನಿನ ತುಂಬ ಗಾಯ ಮಾಡಿಕೊಂಡಿರುತ್ತವೆ. ಅಂದಹಾಗೆ, ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿ 1670ರಲ್ಲಿ ಶುರುವಾದ ಕಾಲದಲ್ಲಿ ಹೊಸ ತೊಗಲಿಗಿಂತ ಇಲ್ಲಿನ ಮೂಲನಿವಾಸಿಗಳು ವರ್ಷಗಟ್ಟಲೆ ಹೊದ್ದು ಬಿಟ್ಟ ಬೀವರ್ ಹೊದಿಕೆಗೇ ಟೋಪಿಯವರಲ್ಲಿ ಬೆಲೆ ಹೆಚ್ಚಿತ್ತು. ಮೈಗೆ ಉಜ್ಜಿ ಮೇಲುಗೂದಲು ಉದುರಿ, ಫೆಲ್ಟಿಗೆ ಬೇಕಾದ ಒಳತುಪ್ಪಳವೇ ಉಳಿದಿರುತ್ತಿತ್ತು. ತೂತಿನ ತೊಗಲಿಗೆ ಇವತ್ತೂ ಗಿರಾಕಿ ಇರುವುದು ಅದೇ ಒಳತುಪ್ಪಳದಿಂದ.

ಆದ್ದರಿಂದ ನಿಮ್ಮ ಮೊದಲ ತೊಗಲನ್ನು ಎಸೆಯಬೇಡಿ. ಒಣಗಿದೆಯಾದರೆ ಈಗ ಹೊಲಿಯಲು ಹೋಗಬೇಡಿ, ಸೂಜಿ ಚುಚ್ಚಿದಲ್ಲೆಲ್ಲ ಸೀಳುತ್ತದೆ. ತುಪ್ಪಳ ಬಾಚಿ, ಮಡಚದೆ, ಸುರುಳಿ ಸುತ್ತದೆ ಚಪ್ಪಟೆಯಾಗಿ ತಂಪಿನಲ್ಲಿಡಿ. ಮುಂದೆ ಇನ್ನೊಂದು ಸೇರಿದಾಗ ತುಪ್ಪಳಕ್ಕೆ ತುಪ್ಪಳ, ಚರ್ಮಕ್ಕೆ ಚರ್ಮ ತಾಗುವಂತೆ ಪೇರಿಸಿ, ಇಲ್ಲವಾದರೆ ಒಂದರ ಎಣ್ಣೆ ಇನ್ನೊಂದರ ತುಪ್ಪಳಕ್ಕೆ ಹತ್ತುತ್ತದೆ. ಎರಡನೆಯದರ ಬೆನ್ನಿನ ಕೂದಲನ್ನು ಬೆರಳಲ್ಲಿ ಹಿಡಿದು ಎಳೆದು ನೋಡಿ. ಅಲ್ಲಿ ಗಟ್ಟಿಯಿದ್ದರೆ ಹೊಟ್ಟೆಯ ಭಾಗ ಕತ್ತರಿಸಿ ತೆಗೆದು, ಉಳಿದ ಬೆನ್ನಿನ ತುಂಡನ್ನು ಮನೆಯಲ್ಲಿ ಹದ ಮಾಡುವುದನ್ನು ಕಲಿಯಲು ಇಟ್ಟುಕೊಳ್ಳಿ.