ಪ್ರಳಯದ ನಂತರದ ಲೋಕದಲ್ಲಿ 600 ಮೀಟರ್ ಉದ್ದದ ಯುದ್ಧನೌಕೆ ಅಂದರೆ ಓದುಗರು ನಂಬುತ್ತಾರಾ?

ಕಾದಂಬರಿ ಬರೆಯುತ್ತಿರುವ ನೀವು ಇಲ್ಲಿ ಈ ಪ್ರಶ್ನೆ ಕೇಳಿದ್ದೀರಿ. ನಾನು ಸಮುದ್ರ ನೋಡಿದ್ದು ಎರಡೇ ಸಲ, ಗೋಕರ್ಣಕ್ಕೆ ಹೋದಾಗ. ಆದರೆ ಕೊಪ್ಪಳದ ಹತ್ತಿರ ಗಿಣಿಗೇರಿಯಲ್ಲಿ ಹದಿನಾಲ್ಕು ವರ್ಷದಿಂದ ಫ್ಯಾಬ್ರಿಕೇಷನ್, ಅಂದರೆ ಕಬ್ಬಿಣ ಕತ್ತರಿಸಿ ಬೆಸೆಯುವ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಕಬ್ಬಿಣದ ಕಡೆಯಿಂದ ಹೇಳುತ್ತೇನೆ.

ನಿಮ್ಮ ಕಾದಂಬರಿಯಲ್ಲಿ ಲೋಕ ಹಾಳಾಗಿ ನೂರು ವರ್ಷವಾಗಿದೆ. ಉಳಿದವರು ‘ಐರಾವತ’ ವರ್ಗದ ನಾಲ್ಕು ಹಡಗು ಕಟ್ಟಿದ್ದಾರೆ. (ಐರಾವತ ಅಂದರೆ ನಮಗೆ ವೋಲ್ವೋ ಬಸ್ಸೇ ನೆನಪಾಗೋದು. ಬೇರೆ ಹೆಸರು ನೋಡಿ.) ಎರಡನೇ ಮಹಾಯುದ್ಧದ ಜಪಾನಿನ ಯುದ್ಧನೌಕೆ ಯಮಾಟೊ 263 ಮೀಟರ್ ಇತ್ತು. ನಮ್ಮ ಐಎನ್‌ಎಸ್ ವಿಕ್ರಾಂತ್ 262. ನಿಮ್ಮದು ಅವುಗಳ ಎರಡರಷ್ಟಕ್ಕಿಂತ ಜಾಸ್ತಿ.

ತೇಲುತ್ತದೆ ಬಿಡಿ, ಆ ಚಿಂತೆ ಬೇಡ. ಕಟ್ಟೋದು ಹೇಗೆ? ಒಂದು ಎಂಎಂ ದಪ್ಪದ ಪ್ಲೇಟ್ ಚದರ ಮೀಟರಿಗೆ 7.85 ಕೆಜಿ ತೂಗುತ್ತದೆ. ಇದು ನಮಗೆ ಬಾಯಿಪಾಠ. 600 ಮೀಟರ್ ಉದ್ದ, 80 ಮೀಟರ್ ಅಗಲ ಅಂತ ಹಿಡಿದು 25 ಎಂಎಂ ಪ್ಲೇಟ್ ಹಾಕಿದರೆ ತಳ ಒಂದಕ್ಕೇ ಸುಮಾರು 9,400 ಟನ್. ಹಳೇ ಸೇತುವೆ, ರೈಲು ಹಳಿ, ಗುಜರಿ ಕರಗಿಸಿ ಹೊಂದಿಸಿದರು ಅಂತಿಟ್ಟುಕೊಳ್ಳೋಣ. ವೆಲ್ಡಿಂಗ್ ರಾಡ್ ಎಲ್ಲಿಂದ ತರುತ್ತಾರೆ? ನಾವು ಬಳಸುವ 7018 ಅನ್ನೋ ನಮೂನೆಯ ರಾಡಿನ ಮೇಲಿನ ಲೇಪ ಗಾಳಿಯ ತೇವ ಹೀರುತ್ತದೆ. ಈ ಬಿಸಿಲ ನಾಡಲ್ಲೇ ಮಳೆಗಾಲದಲ್ಲಿ ಅದನ್ನು ಓವನ್‌ನಲ್ಲಿ ಕಾಯಿಸಿ ಬಳಸುತ್ತೇವೆ. ಒಮ್ಮೆ ಅವಸರಕ್ಕೆ ಹಾಗೇ ಹಚ್ಚಿಬಿಟ್ಟೆ. ಮೇಲೆ ನೋಡಿದರೆ ನುಣ್ಣಗಿತ್ತು. ಗ್ರೈಂಡರ್ ಹಿಡಿದರೆ ಒಳಗೆಲ್ಲ ಸಾಸಿವೆ ಕಾಳಿನಂಥ ತೂತು! ಇನ್ನು ಸಮುದ್ರದ ಗಾಳಿಯಲ್ಲಿ ಏನಾಗಬೇಡ? ಅದಕ್ಕೇ ಹೇಳೋದು, ನಿಮ್ಮ ಜನರ ಕೈಲಿ ರಿವೆಟ್ ಹೊಡೆಸಿ, ಅಂದರೆ ಕಾಯಿಸಿದ ದಪ್ಪ ಮೊಳೆ ತೂರಿಸಿ ತುದಿ ಬಡಿದು ಪ್ಲೇಟ್ ಜೋಡಿಸೋದು. ಟೈಟಾನಿಕ್ ಕಟ್ಟಿದ್ದೂ ರಿವೆಟ್ಟಿನಿಂದಲೇ. ಕುಲುಮೆ, ಸುತ್ತಿಗೆ, ತೋಳಿನ ಬಲ ಇದ್ದರೆ ಆಗುವ ಕೆಲಸ ಅದು.

ಕಟ್ಟಿದ ಮೇಲಿನ ಪಾಡು ಇನ್ನೂ ದೊಡ್ಡದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಇರುವ 33ರಲ್ಲಿ ಹೋದದ್ದು ಒಂದು. ಆದರೂ ಒತ್ತಡ ಇಳಿಸಲು ಉಳಿದವನ್ನೂ ಎತ್ತಿ, ತುಂಬಿದ ನೀರನ್ನು ನದಿಗೆ ಬಿಡಬೇಕಾಯಿತು. ಮುನಿರಾಬಾದ್ ಕಡೆಯಿಂದ ಆ ನೀರು ನೋಡಿ ಹೊಟ್ಟೆ ಉರಿದಿತ್ತು. ಒಂದು ಚೈನು ಕಣ್ರೀ!

ನಿಮ್ಮ ಹಡಗಿನಲ್ಲಿ ಅಂಥ ಚೈನು ಎಷ್ಟಿರಬೇಡ? ಹಡಗನ್ನು ಆಗಾಗ ಡ್ರೈ ಡಾಕಿಗೆ (ನೀರು ಖಾಲಿ ಮಾಡಿ ರಿಪೇರಿ ಮಾಡುವ ಕಟ್ಟೆಗೆ) ತಂದು ತಳಕ್ಕೆ ಅಂಟಿದ ಚಿಪ್ಪು ಕೆರೆಯಬೇಕು, ತುಕ್ಕು ತಡೆಯಲು ಹಾಕಿದ, ಸವೆದ ಸತುವಿನ ತುಂಡು ಬದಲಿಸಬೇಕು. ನಿಮ್ಮ ಹಾಳಾದ ಲೋಕದಲ್ಲಿ 600 ಮೀಟರ್ ಹಡಗಿಗೆ ಡಾಕ್ ಎಲ್ಲಿದೆ? ಇಲ್ಲ ಅಂತಲೇ ಬರೆಯಿರಿ. ನಾಲ್ಕನೇ ಹಡಗು ಯುದ್ಧಕ್ಕೇ ಹೋಗಿಲ್ಲ, ಅದನ್ನು ಬಿಚ್ಚಿ ಬಿಚ್ಚಿ ಉಳಿದ ಮೂರಕ್ಕೆ ತೇಪೆ ಹಾಕುತ್ತಿದ್ದಾರೆ ಅನ್ನಿ. ಅದರ ಕ್ಯಾಪ್ಟನ್‌ಗೆ ದಿನಾ ಬೆಳಗ್ಗೆ ಇವತ್ತು ಯಾವ ಭಾಗ ಕೊಡಬೇಕು ಅನ್ನೋ ಚೀಟಿ ಬರುತ್ತದೆ. ನಾನಾದರೆ ಕಥೆಯನ್ನು ಅವನಿಂದಲೇ ಶುರು ಮಾಡುತ್ತಿದ್ದೆ.

ರಿವೆಟ್ ಅಧ್ಯಾಯ ಬರೆದ ಮೇಲೆ ಇಲ್ಲೇ ಹಾಕಿ, ನಮ್ಮ ಶಾಪಿನ ಹಳೇ ಮೇಸ್ತ್ರಿಗೆ ಓದಿ ಹೇಳುತ್ತೇನೆ.