ತಂತ್ರಾಂಶಕ್ಕೆ ಮೊದಲು ಸರಕಿನ ಹೆಸರು ಸರಿಪಡಿಸಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬೇರಿಂಗ್, ಬೆಲ್ಟ್ ಮತ್ತು ಪಂಪ್‌ಸೆಟ್ ಬಿಡಿಭಾಗಗಳ ಸಗಟು ಅಂಗಡಿ ನಡೆಸುತ್ತಿದ್ದೇನೆ. ಎಂಟು ವರ್ಷಗಳ ಲೆಕ್ಕವೆಲ್ಲ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿದೆ. ವಹಿವಾಟು ಹೆಚ್ಚಿದರೂ ಕೈಯಲ್ಲಿ ಹಣ ನಿಲ್ಲುತ್ತಿಲ್ಲ. ವಾರ್ಷಿಕ ಶುಲ್ಕ ಕಟ್ಟಿ ಅಂಕಿಅಂಶಗಳನ್ನು ವಿಶ್ಲೇಷಿಸುವ ಡೇಟಾ ಅನಲಿಟಿಕ್ಸ್ ತಂತ್ರಾಂಶ ಹಾಕಿಸೋಣವೆಂದು ಮಗ ಒತ್ತಾಯಿಸುತ್ತಿದ್ದಾನೆ. ಕೊಳ್ಳಬಹುದೇ?

ಉತ್ತರ: ಈಗಲೇ ಬೇಡ. ಮಗನ ಮಾತಿನಲ್ಲಿ ತಪ್ಪಿಲ್ಲ. ಆದರೆ ತಂತ್ರಾಂಶ ಓದಬೇಕಾದ ಮಾಹಿತಿಯೇ ಇನ್ನೂ ಹದಕ್ಕೆ ಬಂದಿರಲಾರದು ಎಂಬುದು ನನ್ನ ಅನುಮಾನ.

ಸರಕುಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡು 6204 ಎಂಬ ಮಾದರಿ ಸಂಖ್ಯೆಯ ಬೇರಿಂಗ್ ಒಂದನ್ನೇ ಹುಡುಕಿ ನೋಡಿ. ಒಬ್ಬ ಗುಮಾಸ್ತರು ‘6204 ಜೆಡ್‌ಜೆಡ್’ ಎಂದು, ಮತ್ತೊಬ್ಬರು ‘ಬೇರಿಂಗ್-6204ಜೆಡ್‌ಜೆಡ್’ ಎಂದು, ಅವಸರದಲ್ಲಿದ್ದ ಮೂರನೆಯವರು ಬರೀ ‘20 ಎಂಎಂ ಬೇರಿಂಗ್’ ಎಂದು ನಮೂದಿಸಿರುವ ಸಾಧ್ಯತೆ ಬಹಳ. ಮೊದಲೆರಡು ಒಂದೇ ಸರಕು. ಮೂರನೆಯದು 6004 ಅಥವಾ 6304 ಕೂಡ ಆಗಿರಬಹುದು, ಏಕೆಂದರೆ ಆ ಮೂರರ ಒಳವ್ಯಾಸವೂ 20 ಮಿ.ಮೀ.; ಕಪಾಟಿನ ಮುಂದೆ ನಿಂತು ಡಬ್ಬಿ ತೆರೆದು ನೋಡದೆ ಅದನ್ನು ಇತ್ಯರ್ಥಪಡಿಸಲಾಗದು. ಹಾಗೆಂದು 6204 ಎಂದಿರುವುದನ್ನೆಲ್ಲ ಒಟ್ಟುಗೂಡಿಸಿದರೆ ಉಕ್ಕಿನ ಮುಚ್ಚಳದ ಜೆಡ್‌ಜೆಡ್ ಮತ್ತು ರಬ್ಬರ್ ಸೀಲಿನ 2ಆರ್‌ಎಸ್ ಬೆರೆತುಹೋಗುತ್ತವೆ. ಈ ಗೊಂದಲ ಇಷ್ಟು ವರ್ಷ ಕಣ್ಣಿಗೆ ಬೀಳದಿರಲು ಕಾರಣವಿದೆ: ಜಿಎಸ್‌ಟಿಗೆ ಎಲ್ಲ ಬಾಲ್ ಬೇರಿಂಗ್‌ಗಳೂ 8482 ಎಂಬ ಎಚ್‌ಎಸ್‌ಎನ್ (ಸರಕು ವರ್ಗೀಕರಣ ಸಂಕೇತ) ಶೀರ್ಷಿಕೆಯಡಿ ಬರುವುದರಿಂದ ರಿಟರ್ನ್ ಪ್ರತಿ ಸಲವೂ ಸರಿಯಾಗಿಯೇ ಹೋಗಿರುತ್ತದೆ. ಆದ್ದರಿಂದ ಹೆಸರು ತಿದ್ದುವ ಕೆಲಸವನ್ನು ಲೆಕ್ಕಿಗರೊಬ್ಬರಿಗೇ ಬಿಡದೆ, ಗೋದಾಮಿನಲ್ಲಿ ಸರಕು ಎತ್ತಿಕೊಡುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಬಳಿಕ ಒಂದೇ ಪ್ರಶ್ನೆ ಕೇಳಿಕೊಳ್ಳಿ: 180 ದಿನಗಳಿಂದ ಒಂದೂ ಮಾರಾಟವಾಗದ ಸರಕಿನಲ್ಲಿ, ಖರೀದಿ ದರದಲ್ಲಿ, ಎಷ್ಟು ಹಣ ಕೂತಿದೆ? ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಎಕ್ಸೆಲ್‌ನ ಪಿವೋಟ್ ಟೇಬಲ್ ಇದಕ್ಕೆ ಸಾಕು. ದೀಪಾವಳಿಯ ಲಕ್ಷ್ಮೀಪೂಜೆಯಂದು ತುಂಬಿದ ಕಪಾಟು ಕಣ್ಣಿಗೆ ಚೆಂದ, ಆದರೆ ನೀವು ಹುಡುಕುತ್ತಿರುವ ಹಣ ಬಹುಶಃ ಅಲ್ಲಿಯೇ ಇದೆ. ಉದ್ರಿ ಬಾಕಿಯ ಪಟ್ಟಿ ಟ್ಯಾಲಿಯಲ್ಲಿಯೇ ಸಿಗುತ್ತದೆ, ಅದನ್ನೂ ಜೊತೆಗಿಟ್ಟುಕೊಳ್ಳಿ.

ಒಂದು ಎಚ್ಚರಿಕೆ: ಹಂಗಾಮಿಗೆ ತಕ್ಕಂತೆ ಏರಿಳಿಯುವ ಪಂಪ್‌ಸೆಟ್ ಭಾಗಗಳ ಮಾರಾಟವನ್ನು ಹಿಂದಿನ ತಿಂಗಳಿನೊಂದಿಗಲ್ಲ, ಹಿಂದಿನ ವರ್ಷಗಳ ಅದೇ ತಿಂಗಳಿನೊಂದಿಗೆ ಹೋಲಿಸಬೇಕು. ಅದರಲ್ಲಿಯೂ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದ 2023ರ ಅಂಕಿಗಳನ್ನು ಸರಾಸರಿಗೆ ಸೇರಿಸದೆ ಪ್ರತ್ಯೇಕವಾಗಿ ನೋಡಿ.

ಇಷ್ಟಾದ ಮೇಲೆ ಮಾರಾಟ ಪ್ರತಿನಿಧಿಯನ್ನು ಕರೆಸಿ. ಅವರು ತಂದ ಮಾದರಿ ಅಂಕಿಗಳ ಮೇಲಲ್ಲ, ನಿಮ್ಮದೇ ಪಟ್ಟಿಯ ಮೇಲೆ ತಂತ್ರಾಂಶವನ್ನು ನಡೆಸಿ ತೋರಿಸಲಿ. ಪಿವೋಟ್ ಟೇಬಲ್ ಹೇಳದ ಏನನ್ನಾದರೂ ಅದು ಹೇಳಿದರೆ ಆಗ ಶುಲ್ಕದ ಮಾತನಾಡಿ.